ಶುಭ ಕೋರುವವರಿಗೆ ಜಾಗವಿಲ್ಲ

ಅಹಲ್ಯಾ ಅಕ್ಕ ನನ್ನ ಪಾತ್ರೆ ಅಂಗಡಿಗೆ ಮೊದಲ ಸಲ ಬಂದದ್ದು ಪ್ರೆಶರ್ ಕುಕ್ಕರ್ ಕೊಳ್ಳಲು. ಬಂದವರು ಕುಕ್ಕರನ್ನು ಮುಟ್ಟಲೇ ಇಲ್ಲ. ಡಬ್ಬಿಯೊಳಗೆ ಮಡಚಿಟ್ಟಿದ್ದ ಚೀಟಿಯನ್ನು ಬಿಡಿಸಿ, ಎರಡೂ ಮಗ್ಗುಲು, ಅಡಿಯ ಸಣ್ಣಕ್ಷರದವರೆಗೆ, ನಿಂತಲ್ಲೇ ಓದಿದರು. ಹಿಂದೆ ಇಬ್ಬರು ಗಿರಾಕಿಗಳು ಕಾದು ಕಾದು ಹೊರಟುಹೋದರು.

“ಚೀಟ್ಯಾಗ ಐದು ಲೀಟರ್ ಅಂತೈತಿ, ಡಬ್ಬಿ ಮ್ಯಾಲೆ ಐದೂವರಿ ಅಂತೈತಿ. ಖರೇ ಯಾವುದ್ರಿ ಅಣ್ಣಾರ?”

“ಉಕ್ಕಿದಾಗ ಐದೂವರೆ, ಅಕ್ಕಾ,” ಎಂದೆ.

ನಗಲಿಲ್ಲ. ಮರುವಾರ ಮನೆಯಿಂದ ಅಳತೆಯ ಜಗ್ಗು ತಂದು, ನನ್ನ ಅಂಗಡಿಯಿರುವ ಮಾರ್ಕೆಟ್ ಹಾಲ್‌ನ ನಲ್ಲಿಯಿಂದ ನೀರು ಹಿಡಿದು, ಕುಕ್ಕರಿಗೆ ಹೊಯ್ದು ನೋಡಿದರು. ಐದೂಕಾಲು ಬಂತು. ಎರಡೂ ಸುಳ್ಳು ಎಂದು ಖಾತ್ರಿಯಾದ ಮೇಲೆ ನೆಮ್ಮದಿಯಿಂದ ಕುಕ್ಕರ್ ಕೊಂಡರು.

ಊರಿನ ಹೆಸರು ಬರೆಯುವುದಿಲ್ಲ; ನನ್ನ ಗಿರಾಕಿಗಳೆಲ್ಲ ಇನ್ನೂ ಅಲ್ಲೇ ಇದ್ದಾರೆ. ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಎಂದರೆ ಸಾಕು. ಅಕ್ಕ ಗದಗಿನ ಕಡೆಯವರು. ಗಂಡ ಡರ್ಬಿಯ ವಿಮಾನ ಎಂಜಿನ್ ಕಾರ್ಖಾನೆಯಲ್ಲಿದ್ದಾರೆ, ಶನಿವಾರ ಬಂದು ಸೋಮವಾರ ಹೋಗುತ್ತಾರೆ. ಅಕ್ಕ ಇಪ್ಪತ್ತೆರಡು ವರ್ಷದಿಂದ ಮ್ಯಾಕಲ್ಸ್‌ಫೀಲ್ಡಿನ ಔಷಧ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ. ಮಾತ್ರೆಯ ಡಬ್ಬಿಯೊಳಗೆ ಒಂದು ಉದ್ದ ಚೀಟಿ ಇರುತ್ತದಲ್ಲ, ನಾವು ನೀವು ಬಿಡಿಸದೆ ಬಿಸಾಡುವುದು, ಅದನ್ನು ನೋಡಿ ಸರಿಯಿದೆ ಎಂದು ಸಹಿ ಹಾಕುವುದು ಅವರ ಕೆಲಸ. ಅನುಮಾನಪಡುವುದಕ್ಕೆ ಸಂಬಳ ಕೊಡುವ ಕೆಲಸ ಜಗತ್ತಿನಲ್ಲಿ ಇದೊಂದೇ ಇರಬೇಕು. ನಾವು ವ್ಯಾಪಾರಿಗಳು ಪುಕ್ಕಟೆ ಮಾಡುತ್ತೇವೆ.

ಆ ಕೆಲಸದ ಪದ್ಧತಿ ಅವರ ಬಾಯಲ್ಲೇ ಕೇಳಿದ್ದೇನೆ. ಒಂದು ಮಾತ್ರೆಯ ಪ್ಯಾಕಿಂಗ್ ಮುಗಿದು ಇನ್ನೊಂದು ಶುರುವಾಗುವ ಮೊದಲು ಹಳೆಯದರ ಒಂದು ಚೂರು ಕಾಗದವೂ ಅಲ್ಲಿ ಉಳಿಯಬಾರದು. ಬೆಲ್ಟಿನ ಕೆಳಗೆ, ಕಸದ ಬುಟ್ಟಿಯಲ್ಲಿ, ಜೇಬಿನಲ್ಲಿ ಎಲ್ಲ ಕಡೆ ಹುಡುಕಬೇಕು. ಹೊಸ ಚೀಟಿ ಬಂದರೆ, ಒಪ್ಪಿಗೆಯಾದ ಪ್ರತಿಯ ಮೇಲೆ ಅದನ್ನಿಟ್ಟು ಕೆಳಗಿನಿಂದ ದೀಪ ಹಾಯಿಸಿ, ಅಕ್ಷರದ ಮೇಲೆ ಅಕ್ಷರ ಕೂರುತ್ತದೋ ಇಲ್ಲವೋ ನೋಡಬೇಕು. ಇನ್ನೂ ಒಂದು: ಮಾಡಿದವರೇ ಪರೀಕ್ಷೆ ಮಾಡುವಂತಿಲ್ಲ, ಪರೀಕ್ಷೆಗೂ ಇಬ್ಬರು ಬೇಕು. ಇಪ್ಪತ್ತೆರಡು ವರ್ಷದಲ್ಲಿ ತಮ್ಮ ಸಹಿಯಡಿ ಒಂದೇ ಒಂದು ತಪ್ಪು ಚೀಟಿ ಹೊರಗೆ ಹೋಗಿಲ್ಲ ಎನ್ನುವುದು ಅಕ್ಕನ ಆಸ್ತಿ. ಬೇರೆಯವರು ಮನೆ, ಬಂಗಾರ ಎಂದು ಹೇಳಿಕೊಳ್ಳುವ ಧ್ವನಿಯಲ್ಲಿ ಅದನ್ನು ಹೇಳುತ್ತಾರೆ. ಮಗಳು ನಿವೇದಿತಾ ಕಳಿಸುವ ಹುಟ್ಟುಹಬ್ಬದ ಕಾರ್ಡನ್ನೂ ಅಮ್ಮ ಮೊದಲು ತಿರುವಿ, ಹಿಂದೆ ಏನು ಅಚ್ಚಾಗಿದೆ ಎಂದೇ ನೋಡುವುದಂತೆ.

ಇಂಥವರು ನಮ್ಮ ಶರಣಪ್ಪನ ಕೈಗೆ ಸಿಕ್ಕರು. ಅಥವಾ ಅವನು ಇವರ ಕೈಗೆ.

ಶರಣಪ್ಪನದು ಮಾರ್ಕೆಟ್ ಹಾಲ್‌ನಲ್ಲೇ ಜೋಳದ ರೊಟ್ಟಿಯ ಅಂಗಡಿ, ನನ್ನದರಿಂದ ನಾಲ್ಕನೆಯದು. ಬಾಗಲಕೋಟೆಯವನು. ಆ ವರ್ಷ ಕೌನ್ಸಿಲ್‌ನವರು, ಅಂದರೆ ಇಲ್ಲಿನ ನಗರಸಭೆಯವರು, ಮಾರ್ಕೆಟ್ ಹಾಲನ್ನು ಕೆಡವಿ ಫ್ಲ್ಯಾಟು ಕಟ್ಟುವ ಯೋಜನೆ ಹೊರಗೆಡವಿದರು. ನಮ್ಮೂರಿನಲ್ಲಿ ಮೇಯರನ್ನು ಜನರೇ ನೇರವಾಗಿ ಆರಿಸುತ್ತಾರೆ. ಮೇ ತಿಂಗಳಲ್ಲಿ ಚುನಾವಣೆ ಇತ್ತು. ಶರಣಪ್ಪ ಪಕ್ಷವಿಲ್ಲದೆ ನಿಲ್ಲುತ್ತೇನೆ ಎಂದ.

ನನಗೆ ಮೊದಲು ಬಂದದ್ದು ಸಂಶಯ. ಯಾಕೆಂದರೆ ಮೇಯರ್ ಚುನಾವಣೆಯಲ್ಲಿ ಕೌನ್ಸಿಲ್‌ನವರೇ ಒಂದು ಪುಸ್ತಿಕೆ ಅಚ್ಚು ಹಾಕಿಸಿ ಊರಿನ ಪ್ರತಿ ಮತದಾರನಿಗೆ ಅಂಚೆಯಲ್ಲಿ ಕಳಿಸುತ್ತಾರೆ. ಅಭ್ಯರ್ಥಿಗೆ ಅಂಗೈಯಗಲದ ಒಂದು ಪುಟ. ಒಬ್ಬ ರೊಟ್ಟಿ ವ್ಯಾಪಾರಿಗೆ ಊರಿನ ಎಲ್ಲ ಬಾಗಿಲಿನೊಳಗೂ ತನ್ನ ಮುಖ ತೂರಿಸುವ ಅವಕಾಶ! ನಾನಾಗಿದ್ದರೆ ಅದಕ್ಕೇ ನಿಲ್ಲುತ್ತಿದ್ದೆ. ಹಾಗಾಗಿ ಅವನೂ ಅದಕ್ಕೇ ನಿಂತಿದ್ದಾನೆ ಎಂದುಕೊಂಡೆ. ಆದರೆ ಪಕ್ಷದವರಿಗೆ ಮನೆಮನೆ ತಿರುಗುವ ಜನರಿದ್ದಾರೆ, ಇವನಿಗೆ ಆ ಒಂದು ಪುಟ ಬಿಟ್ಟರೆ ಏನೂ ಇಲ್ಲ ಎನ್ನುವುದೂ ನಿಜವೇ. ನಿಯಮ ಮೀರಿತೆಂದು ಪುಟ ತಿರಸ್ಕಾರವಾಗಿದ್ದರೆ ಶರಣಪ್ಪ ನಿಂತದ್ದು ಅವನ ಹೆಂಡತಿಗೂ ಗೊತ್ತಾಗುತ್ತಿರಲಿಲ್ಲ.

ಚುನಾವಣಾ ಏಜೆಂಟ್ ಒಬ್ಬರು ಬೇಕಿತ್ತು, ಕಾಗದಪತ್ರಕ್ಕೆಲ್ಲ ಹೊಣೆಗಾರರು. ಮಾರ್ಕೆಟ್ಟಿನ ವ್ಯಾಪಾರಿಗಳೆಲ್ಲ ನಾನು ಒಲ್ಲೆ, ತಾನು ಒಲ್ಲೆ ಎಂದು ಜಾರಿಕೊಂಡೆವು. ಅಕ್ಕ ರೊಟ್ಟಿ ಕೊಳ್ಳಲು ಬಂದಾಗ ಶರಣಪ್ಪ ಕೇಳಿದನಂತೆ. ಅಕ್ಕ ನಿಯಮದ ಕಾಗದ ಮೊದಲು ಕೊಡು, ಓದಿ ಹೇಳುತ್ತೇನೆ ಎಂದರಂತೆ. ಮಾರ್ಕೆಟ್ ಉಳಿಯಲಿ ಎನ್ನುವ ಆಸೆ ಇದ್ದಿರಬಹುದು. ಅಥವಾ, ಇನ್ನೂ ಯಾರೂ ಪರೀಕ್ಷಿಸದ ಒಂದು ಚೀಟಿ ಊರಿನಲ್ಲಿ ಹಂಚಿಕೆಯಾಗುತ್ತದೆ ಎನ್ನುವುದನ್ನು ಸಹಿಸಲಾಗಲಿಲ್ಲವೇನೋ.

ಒಂದು ಭಾನುವಾರ ಶರಣಪ್ಪನ ಅಂಗಡಿಯಲ್ಲಿ ಸೇರಿದೆವು. ಪುಟವನ್ನು ಕಂಪ್ಯೂಟರಿನಲ್ಲಿ ಕೂರಿಸಿಕೊಡಲು ಚನ್ನಪಟ್ಟಣದ ಅಮಾನುಲ್ಲಾ ಬಂದಿದ್ದ, ಡರ್ಬಿಯಲ್ಲಿ ಐಟಿ ಕಾಂಟ್ರಾಕ್ಟರ್. ಶರಣಪ್ಪ ತನ್ನ ಕರಡನ್ನು ಹೆಮ್ಮೆಯಿಂದ ಬಿಡಿಸಿಟ್ಟ. ನೋಡಿದರೆ ಬಾಗಲಕೋಟೆ ಬಸ್‌ಸ್ಟ್ಯಾಂಡಿನ ಎದುರು ಕಟ್ಟುವ ಬ್ಯಾನರನ್ನೇ ಮಡಚಿ ತಂದಂತಿತ್ತು. ಮೇಲೆ ಬಸವಣ್ಣನವರು. ನಡುವೆ ಕೈಮುಗಿದ ಶರಣಪ್ಪ, ಎದೆಯ ಮೇಲೆ ಅಂಗಡಿಯ ಹೆಸರಿರುವ ಏಪ್ರನ್. ಕೆಳಗೆ, ಪುಟದ ಮೂರನೇ ಒಂದು ಭಾಗ, ‘ಶುಭ ಕೋರುವವರು’: ಹನ್ನೆರಡು ಹೆಸರು, ಹನ್ನೆರಡು ತಲೆ, ಹನ್ನೆರಡು ಅಂಗಡಿ. ನಾನು ಎಡಗಡೆಯಿಂದ ಎರಡನೆಯವನು. ಫೋಟೊ ನಾನೇ ಆರಿಸಿ ಕೊಟ್ಟದ್ದು.

ನಮ್ಮ ಕಡೆ ಇದರಲ್ಲಿ ವಿಶೇಷವೇನಿಲ್ಲ. ಶುಭ ಕೋರುವವರ ಹೆಸರು ಹಾಕದೆ ಒಬ್ಬನನ್ನು ನಿಲ್ಲಿಸುವುದು ಎಂದರೆ ಬೀಗರಿಲ್ಲದೆ ಮದುವೆ ಮಾಡಿದ ಹಾಗೆ.

ಅಕ್ಕ ಮೊದಲು ಮೇಜು ಖಾಲಿ ಮಾಡಿಸಿದರು. ರೊಟ್ಟಿಯ ಬುಟ್ಟಿ, ಚಹದ ಲೋಟ, ಹಳೇ ಕರಡು ಎಲ್ಲ ಆಚೆ. ಆಮೇಲೆ ನಿಯಮದ ಕಾಗದ ತೆಗೆದರು. ಪ್ರತಿ ಸಾಲಿನ ಪಕ್ಕ ಪೆನ್ಸಿಲಿನ ಗುರುತಿತ್ತು.

“ಮೂರು ಮಾತು ಅದಾವು. ಜಾಹೀರಾತು ಇರಬಾರದು. ಯಾರಿಗೂ ವ್ಯಾಪಾರದ ಲಾಭ ಆಗೂ ಹಂಗ ಏನೂ ಇರಬಾರದು. ಬ್ಯಾರೆ ಅಭ್ಯರ್ಥಿ ಸುದ್ದಿ ಎತ್ತಬಾರದು. ಶರಣಪ್ಪಾರ, ಈ ಫೋಟೊ ಯಾರದು?”

“ಬಸವಣ್ಣಾರದ್ರಿ. ಅದನ್ನೂ ಹೇಳಬೇಕೇನ್ರಿ?”

“ಬಸವಣ್ಣಾರು ಚುನಾವಣಿಗೆ ನಿಲ್ಲಾಕತ್ತಾರೇನು?”

“ಆಶೀರ್ವಾದಕ್ಕ ಅಂತ ಹಾಕೇನ್ರಿ ಅಕ್ಕಾರ.”

“ಆಶೀರ್ವಾದ ಮನ್ಯಾಗ ಇರಲಿ. ಫೋಟೊ ಅಭ್ಯರ್ಥಿದು ಅಷ್ಟ. ಏಪ್ರನ್ ತೆಗೀರಿ, ಅದ್ರಾಗ ಅಂಗಡಿ ಹೆಸರು ಐತಿ. ‘ನನ್ನ ರೊಟ್ಟಿ ತಿಂದವರು ನನ್ನ ಬಲ್ಲರು’, ಇದು ವ್ಯಾಪಾರ. ‘ಈಗಿನ ಮೇಯರ್ ಮಾರ್ಕೆಟ್ ಮಾರಿ ಕೈತೊಳಕೊಂಡ’. ಅವ ಮತ್ತ ನಿಂತಾನ, ಅವನ ಸುದ್ದಿ ಬ್ಯಾಡ.”

“ಅದ ನನ್ನ ಮುಖ್ಯ ಮಾತಲ್ರಿ.”

“ಮಾರ್ಕೆಟ್ ಉಳಸ್ತೀನಿ ಅಂತ ಬರೀರಿ. ಯಾರ ಕೈಯಿಂದ ಅಂತ ಊರಿಗೆ ಗೊತ್ತೈತಿ.”

ಕಡೆಗೆ ಅವರ ಪೆನ್ಸಿಲು ನಮ್ಮ ಹನ್ನೆರಡು ತಲೆಗಳ ಹತ್ತಿರ ಬಂತು. ಒಂದೇ ಗೀಟು, ಉದ್ದಕ್ಕೆ. ಕುರಿಗಳ ಸಾಲನ್ನು ಬೇಲಿಯಿಂದಾಚೆ ದಾಟಿಸಿದ ಹಾಗೆ.

“ಶುಭ ಕೋರೂದು ಎದ್ಯಾಗ ಕೋರ್ರಿ,” ಎಂದರು.

ಅಮಾನುಲ್ಲಾ ಲ್ಯಾಪ್‌ಟಾಪ್ ನೋಡುತ್ತ, “ಅಕ್ಕಾ, ಉಳಿದಿರೋದು ಆರು ಸಾಲು, ಒಂದು ಮೂತಿ. ಇಷ್ಟಕ್ಕೆ ನನ್ನ ಭಾನುವಾರ ಹಾಳು ಮಾಡಿದ್ರಾ?” ಎಂದ.

“ಇನ್ನೊಂದು ಸಾಲು ಹಾಕ್ಬೇಕಪ್ಪ. ಪ್ರಕಟಿಸಿದ ಏಜೆಂಟನ ಹೆಸರು, ವಿಳಾಸ ಇರಲೇಬೇಕು ಅಂತೈತಿ. ಬರಕೋ, ನನ್ನ ಹೆಸರು.”

ಹನ್ನೆರಡು ಹೆಸರು ಹೊಡೆದು ಹಾಕಿ, ಹದಿಮೂರನೆಯದೊಂದು ಉಳಿಯಿತು.

ಆ ವಾರವೆಲ್ಲ ಮಾರ್ಕೆಟ್ಟಿನಲ್ಲಿ ಇದೇ ಮಾತು. ಹಣ್ಣಿನ ಅಂಗಡಿಯ ವಿಜಯಾ, “ಏಜೆಂಟ್ ಆಗೋಕೆ ಯಾಕೆ ಅಷ್ಟು ಬೇಗ ಒಪ್ಪಿದ್ರು ಅಂತ ಈಗ ಗೊತ್ತಾಯ್ತು ಬಿಡಿ,” ಎಂದಳು. ನಾನು ಇಲ್ಲವೆನ್ನಲಿಲ್ಲ. ನಿಯಮ ಓದಿದವರಿಗೆ ಮೊದಲೇ ತಿಳಿದಿರಬೇಕಲ್ಲ, ಅಂತ ಮಾತ್ರ ಅಂದೆ. ಒಂದು ಮಾತನ್ನು ಅರ್ಧ ಬೆಲೆಗೆ ಬಿಟ್ಟರೆ ಎಷ್ಟು ಬೇಗ ಖರ್ಚಾಗುತ್ತದೆ ಎಂದು ನನಗೆ ಗೊತ್ತು. ಸಂಜೆಯೊಳಗೆ ಅಕ್ಕ ಮುಂದಿನ ಸಲ ಕೌನ್ಸಿಲರ್ ಆಗಲು ಹೊರಟಿದ್ದಾರೆ ಎನ್ನುವವರೆಗೆ ಬೆಳೆದಿತ್ತು. ಅದು ಅಕ್ಕನ ಕಿವಿಗೂ ಬಿತ್ತು. ರೊಟ್ಟಿ ಕೊಳ್ಳಲು ಬಂದವರು ಎಂದಿನಂತೆ ಎಣಿಸಿ ತೆಗೆದುಕೊಂಡು ಹೋದರು. ಯಾರ ಮುಖವನ್ನೂ ನೋಡಲಿಲ್ಲ.

ಇನ್ನು ನಾನು ಮಾಡಿದ್ದನ್ನೂ ಹೇಳಿಬಿಡಬೇಕು. ಅಕ್ಕ ಒಪ್ಪಿ ಸಹಿ ಹಾಕಿದ ಪುಟದಲ್ಲಿ ಶರಣಪ್ಪ ತನ್ನ ಅಂಗಡಿಯ ಬಿಳಿ ಗೋಡೆಯೆದುರು ಕಣ್ಣು ಪಿಳುಕಿಸದೆ ನಿಂತಿದ್ದ, ಪಾಸ್‌ಪೋರ್ಟ್ ಕಳೆದುಕೊಂಡವನ ಹಾಗೆ. ನಾನು ಅವನನ್ನು ಕರೆದು, “ಮಾರ್ಕೆಟ್ ಉಳಸೋನು ಮಾರ್ಕೆಟ್‌ನಲ್ಲಿ ನಿಂತಿರಬೇಕಪ್ಪ,” ಎಂದು ಮಾರ್ಕೆಟ್ಟಿನ ನಡುವೆ ನಿಲ್ಲಿಸಿ ನನ್ನ ಫೋನಿನಲ್ಲೇ ಒಂದು ಚಿತ್ರ ತೆಗೆದೆ. ಚೆನ್ನಾಗಿ ಬಂತು. ಅವನ ಬಲಭುಜದ ಮೇಲಿನಿಂದ ನನ್ನ ಅಂಗಡಿಯ ಬೋರ್ಡು ಸಹಜವಾಗಿ, ಯಾರೂ ನಿಲ್ಲಿಸಿದ್ದಲ್ಲ ಎನ್ನುವಂತೆ ಇಣುಕುತ್ತಿತ್ತು. ಅದನ್ನು ಅಮಾನುಲ್ಲಾಗೆ ಕಳಿಸಿ, ಶರಣಪ್ಪನಿಗೆ ಇದೇ ಇಷ್ಟ ಎಂದು ಬರೆದೆ. ಅದು ಸುಳ್ಳಲ್ಲ, ಶರಣಪ್ಪನಿಗೆ ಇಷ್ಟವಾಗಿತ್ತು. ಅಕ್ಕನ ಸಹಿ ಅಕ್ಷರಗಳಿಗೆ ಮಾತ್ರ ಎಂದುಕೊಂಡ ಅಮಾನುಲ್ಲಾ ಚಿತ್ರ ಬದಲಿಸಿದ.

ಪುಟ ತಲುಪಿಸಲು ಕೊನೆಯ ಗಳಿಗೆ ಗುರುವಾರ ಮಧ್ಯಾಹ್ನ ನಾಲ್ಕು ಗಂಟೆ. ಆಮೇಲೆ ತಂದರೆ ದೇವರು ಬರೆದದ್ದಾದರೂ ಪುಸ್ತಿಕೆಯಲ್ಲಿ ಇಲ್ಲ. ಅಕ್ಕ ಅರ್ಧ ದಿನ ರಜೆ ಹಾಕಿ ಒಂದೂವರೆಗೆ ಶರಣಪ್ಪನ ಅಂಗಡಿಗೆ ಬಂದರು. ಮನೆಯಿಂದ ಕೆಲಸ ಮಾಡುವ ದಿನವೆಂದು ಅಮಾನುಲ್ಲಾನೂ ಕೊನೆಯ ಪ್ರತಿ ಅಚ್ಚು ಮಾಡಿ ತಂದಿದ್ದ. ನಾನು ಸುಮ್ಮನೆ ನೋಡಲು ಹೋದೆ.

ಅಕ್ಕ ತಾವು ಸಹಿ ಮಾಡಿದ ಪ್ರತಿಯ ಮೇಲೆ ಹೊಸದನ್ನಿಟ್ಟು ಅಂಗಡಿಯ ಗಾಜಿನ ಕಿಟಕಿಗೆ ಒತ್ತಿ ಹಿಡಿದರು. ಹೊರಗಿನ ಬೆಳಕು ಎರಡನ್ನೂ ತೂರಿ ಬಂತು. ಅಕ್ಷರದ ಮೇಲೆ ಅಕ್ಷರ ಕೂತಿತು. ಮುಖದ ಹತ್ತಿರ ಬಂದಾಗ ಶರಣಪ್ಪನಿಗೆ ಎರಡು ಮೂಗು, ನಾಲ್ಕು ಕಿವಿ.

“ಫೋಟೊ ಬ್ಯಾರೆ ಐತಿ,” ಎಂದರು.

“ಇದು ಚಲೋ ಬಂದೈತಿ ಅಂತ…” ಶರಣಪ್ಪ ನೆಲ ನೋಡಿದ.

ಅಕ್ಕ ಚೀಲದಿಂದ ಭೂತಗನ್ನಡಿ ತೆಗೆದು ಭುಜದ ಮೇಲಿನ ಜಾಗವನ್ನು ಬಹಳ ಹೊತ್ತು ನೋಡಿದರು. ಅಮಾನುಲ್ಲಾ ಶರಣಪ್ಪನನ್ನು ನೋಡಿದ, ಶರಣಪ್ಪ ಅಮಾನುಲ್ಲಾನನ್ನು ನೋಡಿದ. ನಾನು ರೊಟ್ಟಿಯ ಬುಟ್ಟಿ ನೋಡಿದೆ.

“ನಾನಲ್ಲ ಅಕ್ಕಾ,” ಎಂದ ಅಮಾನುಲ್ಲಾ, “ಕಳಿಸಿದ್ದನ್ನ ಹಾಕ್ದೆ.”

“ಯಾರು ಮಾಡಿದ್ರು ಅಂತ ನಾ ಕೇಳಂಗಿಲ್ಲ. ಎಲ್ಲಿಂದ ಬಂತು ಅಂತಷ್ಟ ಕೇಳ್ತೀನಿ. ಅಣ್ಣಾರ, ನೀವು ಈ ದೇಶಕ್ಕ ಬಂದಿದ್ದು ಯಾವಾಗ?”

“ತೊಂಬತ್ತೊಂಬತ್ತರಲ್ಲಿ, ಅಕ್ಕಾ.”

“ಬೋರ್ಡಿನ್ಯಾಗ ‘ಎಂಬತ್ತೇಳರಿಂದ’ ಅಂತೈತಲ್ರಿ.”

“ಬೋರ್ಡು ನನಗಿಂತ ಮೊದಲು ಬಂದಿತ್ತು. ಅಂಗಡಿ ಜೊತೆ ಕೊಂಡೆ.”

“ಮಂದಿ ಹೆಸರಿನ ಪುಟದಾಗ ಜಾಹೀರಾತು. ಜಾಹೀರಾತಿನ್ಯಾಗ ಸುಳ್ಳು. ಅದರ ಕೆಳಗ ನನ್ನ ಸಹಿ.” ಅಕ್ಕನ ಧ್ವನಿ ಏರಲಿಲ್ಲ. ಭೂತಗನ್ನಡಿಯನ್ನು ಮಡಚಿ ಚೀಲಕ್ಕೆ ಹಾಕಿದರು. “ಕೌನ್ಸಿಲ್‌ನವರು ಇದನ್ನ ಒಗೆದ್ರ ಶರಣಪ್ಪಾರ ಪುಟ ಹೋತು. ಒಗೀದಿದ್ರ ಊರ ತುಂಬ ನನ್ನ ಹೆಸರಿನ ಮ್ಯಾಲೆ ನಿಮ್ಮ ಬೋರ್ಡು. ನನ್ನ ಹೆಸರು ಅಲ್ಲಿ ಶೋಕಿಗೆ ಇಲ್ರಿ ಅಣ್ಣಾರ. ತಪ್ಪಾದ್ರ ಯಾರನ್ನ ಹಿಡೀಬೇಕು ಅಂತ ಇರೂದು.”

ವಾರವಿಡೀ ನಾನು ಅರ್ಧ ಬೆಲೆಗೆ ಮಾರಿದ ಮಾತು ಅಷ್ಟೂ ವಾಪಸ್ಸು ಬಂದು ನನ್ನ ಎದುರಿಗೆ ಕೂತ ಹಾಗಾಯಿತು. ನಾನೇ ತೆಗೆದದ್ದು, ನಾನೇ ಕಳಿಸಿದ್ದು ಎಂದೆ. ಶರಣಪ್ಪ, “ಸಾಹುಕಾರ್ರ, ನನ್ನ ಹೆಗಲ ಮ್ಯಾಲೆ ಅಂಗಡಿ ಇಟ್ರಲ್ರಿ,” ಎಂದ. ಅಮಾನುಲ್ಲಾ ನಕ್ಕುಬಿಟ್ಟ. ಅಕ್ಕ ಗಡಿಯಾರ ನೋಡಿದರು. ಎರಡು ಗಂಟೆ ಐದು ನಿಮಿಷ.

“ಹಳೇ ಫೋಟೊ ಹಾಕಪ್ಪ.”

ಅಮಾನುಲ್ಲಾನ ನಗು ನಿಂತಿತು. “ಅಕ್ಕಾ, ಹಳೇದು ಒಂದು ಚೂರೂ ಉಳೀಬಾರದು ಅಂತ ನೀವೇ ಹೇಳಿದ್ರಿ. ಹೊಸದು ಬಂದ ತಕ್ಷಣ ಎಲ್ಲಾ ಅಳಿಸಿದೆ. ಫೋನಿನಲ್ಲೂ.”

ಅಕ್ಕ ತಮ್ಮ ಪದ್ಧತಿಗೆ ತಾವೇ ಸಿಕ್ಕಿಬಿದ್ದದ್ದನ್ನು ಅವತ್ತು ಮೊದಲ ಸಲ ನೋಡಿದೆ. “ಸರಿಯಾಗೇ ಮಾಡೀ,” ಎಂದರು.

ಸಹಿ ಮಾಡಿದ ಪ್ರತಿ ಸಾದಾ ಕಾಗದದ ಕಪ್ಪುಬಿಳುಪು, ಅದರ ಮುಖ ಅಚ್ಚಿಗೆ ಬರುವಂಥದ್ದಲ್ಲ. ಹೊಸದಾಗಿ ತೆಗೆಯಬೇಕು. ಆ ಬಿಳಿ ಗೋಡೆಯ ಮೇಲೆ ಶರಣಪ್ಪ ಮಂಗಳವಾರವಷ್ಟೇ ಊಟದ ಬೆಲೆಪಟ್ಟಿ ಬರೆಸಿದ್ದ. ಮಾರ್ಕೆಟ್ಟಿನೊಳಗೆ ಎತ್ತ ತಿರುಗಿದರೂ ಬೋರ್ಡು. ಹೊರಗೆ ನನ್ನ ಬಿಳಿ ವ್ಯಾನಿದೆ ಎಂದೆ. ಅದರ ಮೇಲೇನು ಬರೆದಿದೆ ಎಂದು ಅಕ್ಕ ಕೇಳುವ ಮೊದಲೇ ಬೇಡವೆಂದೆ. ಆಗ ಹೊಳೆಯಿತು. ಅಂಗಡಿಗೆ ಓಡಿ, ದೊಡ್ಡ ಕುಕ್ಕರುಗಳು ಬರುವ ಆಳೆತ್ತರದ ರಟ್ಟಿನ ಡಬ್ಬಿಯೊಂದನ್ನು ಸೀಳಿ ತಂದೆ. ಹೊರಗೆಲ್ಲ ಚಿತ್ರ, ಅಕ್ಷರ. ಒಳಮಗ್ಗುಲು ಬರೀ ಬಿಳುಪು. ಅಕ್ಕ ಅದರ ಇಂಚಿಂಚಿನ ಮೇಲೂ ಕಣ್ಣಾಡಿಸಿದರು. ಮೂಲೆಯಲ್ಲಿ ಕಾರ್ಖಾನೆಯ ಒಂದು ಸಣ್ಣ ಮುದ್ರೆ ಇತ್ತು. ಆ ಮೂಲೆಯನ್ನು ಕತ್ತರಿಸಿ ಹಾಕಿಸಿದರು.

ಶರಣಪ್ಪ ಏಪ್ರನ್ ಬಿಚ್ಚಿ, ಅಮಾನುಲ್ಲಾನ ಕೋಟು ಹಾಕಿಕೊಂಡು ನಿಂತ. ಹಿಂದೆ ನಾನು ರಟ್ಟು ಹಿಡಿದು ಬಗ್ಗಿ ಕೂತೆ.

“ಅಣ್ಣಾರ, ನಿಮ್ಮ ಬೆರಳು ಕಾಣ್ತಾವು. ಒಳಗ ತಗೋರಿ.”

ತಗೊಂಡೆ.

“ಇನ್ನೂ ಹೆಬ್ಬೆರಳು.”

ಅದನ್ನೂ ತಗೊಂಡೆ. ಊರಿನ ಎಲ್ಲ ಬಾಗಿಲೊಳಗೆ ಹೋಗಬೇಕೆಂದಿದ್ದವನ ಹೆಬ್ಬೆರಳಿಗೂ ಕಡೆಗೆ ಜಾಗ ಸಿಗಲಿಲ್ಲ.

ಹೊಸ ಪುಟ ಮೂರೂ ಹತ್ತಕ್ಕೆ ತಯಾರಾಯಿತು. ಮಾಡಿದವನು ಅಮಾನುಲ್ಲಾ, ಏಜೆಂಟ್ ಅಕ್ಕ. ಎರಡನೇ ಪರೀಕ್ಷಕ ಬೇಕು. ಅಕ್ಕ ನಿಯಮದ ಕಾಗದವನ್ನು ನನ್ನ ಕೈಗೆ ಕೊಟ್ಟರು.

“ನಾನಾ?”

“ಒಳಗ ಏನರ ತೂರಸೂದು ಹೆಂಗ ಅಂತ ಇಲ್ಲಿ ನಿಮ್ಮಷ್ಟು ಗೊತ್ತಿದ್ದವರು ಯಾರದಾರ? ಓದ್ರಿ.”

ಒಂದೊಂದು ನಿಯಮ ನಾನು ಗಟ್ಟಿಯಾಗಿ ಓದಿದೆ, ಅವರು ಪುಟದ ಮೇಲೆ ಬೆರಳಾಡಿಸಿದರು. ನಾನಾಗಿದ್ದರೆ ಎಲ್ಲಿ ತೂರಿಸುತ್ತಿದ್ದೆ ಎಂದು ಯೋಚಿಸಿ, ಶರಣಪ್ಪನ ಕೋಟಿನ ಜೇಬಿನಲ್ಲಿದ್ದ ಪೆನ್ನಿನ ಮೇಲೆ ಅಮಾನುಲ್ಲಾನ ಕಂಪನಿಯ ಹೆಸರು ಓದಲು ಬರುತ್ತದೆ ಎಂದು ತೋರಿಸಿದೆ. ಅಕ್ಕ ನನ್ನ ಕಡೆ ತಿರುಗಿ ನೋಡಿದರು. ಅವರು ಗಿರಾಕಿಯಾದ ಹನ್ನೊಂದು ವರ್ಷದಲ್ಲಿ ನನ್ನ ಸರಕಿನ ಮೇಲೆ ಬೀಳದ ಮೆಚ್ಚುಗೆಯ ನೋಟ ಅದು. ಅಮಾನುಲ್ಲಾ ಪೆನ್ನನ್ನು ಅಳಿಸಿದ.

ಕೌನ್ಸಿಲ್ ಕಚೇರಿಗೆ ತಲುಪಿದಾಗ ಮೂರೂ ನಲವತ್ತು. ಕೌಂಟರಿನ ಹಿಂದಿದ್ದ ಹುಡುಗಿ ಪುಟವನ್ನು ಎರಡು ಸಲ ತಿರುವಿ, ಅಳತೆಯ ಪಟ್ಟಿಯಿಂದ ಅಂಚು ಅಳೆದು, ಏಜೆಂಟರ ವಿಳಾಸವನ್ನು ಇನ್ನೊಂದು ಕಾಗದದೊಂದಿಗೆ ತಾಳೆ ನೋಡಿ, ಒಳಗೆ ಹೋಗಿ ಮತ್ತೊಬ್ಬರಿಗೆ ತೋರಿಸಿ ಬಂದಳು. ಶರಣಪ್ಪ ಬೆವರೊರೆಸಿಕೊಂಡ. ಮುದ್ರೆ ಬಿತ್ತು.

ಹೊರಗೆ ಬಂದ ಮೇಲೆ ಅಕ್ಕ ಹೇಳಿದ್ದು ಇಷ್ಟೇ: “ಚಲೋ ಹುಡುಗಿ. ನಂಬಲಿಲ್ಲ ನೋಡ್ರಿ.”

ಪುಸ್ತಿಕೆ ಏಪ್ರಿಲ್‌ನಲ್ಲಿ ಬಂತು. ಚುನಾವಣೆಯಲ್ಲಿ ಶರಣಪ್ಪ ಮೂರನೆಯವನಾದ, ಒಂದು ಪಕ್ಷದವನನ್ನು ಹಿಂದೆ ಹಾಕಿ. ಮಾರ್ಕೆಟ್ ಹಾಲ್ ಇವತ್ತಿಗೂ ನಿಂತಿದೆ. ನಾಳೆಯದು ಗೊತ್ತಿಲ್ಲ. ಹೆಸರಿನ ಆಸೆಗೆ ಅಕ್ಕ ಏಜೆಂಟ್ ಆದರು ಎಂದಿದ್ದೆವಲ್ಲ, ಆ ಹೆಸರಿನ ಫಲ ಅವರಿಗೆ ಚೆನ್ನಾಗಿಯೇ ಸಿಕ್ಕಿತು. ಪುಟದಲ್ಲಿ ವಿಳಾಸವಿದ್ದದ್ದರಿಂದ ಊರಿನವರ ಚರಂಡಿ, ಬಸ್ಸು, ನೆರೆಮನೆಯ ನಾಯಿ, ಎಲ್ಲದರ ದೂರೂ ಅವರ ಬಾಗಿಲಿಗೇ ಬಂತು. ಎಲ್ಲಕ್ಕೂ ಉತ್ತರ ಬರೆದರು. ಎರಡು ಕಾಗದದಲ್ಲಿ ತಪ್ಪು ತಿದ್ದಿ ವಾಪಸ್ಸು ಕಳಿಸಿದರಂತೆ.

ಪುಸ್ತಿಕೆ ಮನೆಗಳಿಗೆ ಬಿದ್ದ ದಿನ ಮಧ್ಯಾಹ್ನ ಅಕ್ಕ ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಅವರ ಪ್ರತಿ, ನಾವು ಕೊಟ್ಟ ಪುಟದ ನಕಲು. ಗಿರಾಕಿಗಳ ಮುಂದೆಯೇ ನನ್ನ ಗಾಜಿನ ಕಪಾಟಿನ ದೀಪ ಹಾಕಿಸಿ, ಒಂದರ ಮೇಲೊಂದಿಟ್ಟು ನೋಡಿದರು. ಅಚ್ಚಾಗಿ ಹಂಚಿಯಾದ ಮೇಲೆ ನೋಡಿ ಏನು ಮಾಡುವುದು ಎಂದೆ. ಅಕ್ಷರದ ಮೇಲೆ ಅಕ್ಷರ ಕೂತಿತ್ತು. ಶರಣಪ್ಪನಿಗೆ ಒಂದೇ ಮೂಗು. ಅವನ ಹಿಂದೆ ನನ್ನ ಕುಕ್ಕರ್ ಡಬ್ಬಿಯ ಒಳಮಗ್ಗುಲು, ಬೆಳ್ಳಗೆ, ಊರಿನ ಪ್ರತಿ ಮನೆಯಲ್ಲೂ.

ನಕಲಿನ ಅಡಿಯಲ್ಲಿ ತಾರೀಖು ಹಾಕಿ ಸಹಿ ಮಾಡಿದರು. ಪೆನ್ನನ್ನು ನನಗೆ ಚಾಚಿದರು.

“ಎರಡನೇ ಪರೀಕ್ಷಕರು ಇಲ್ಲಿ.”

ಪೂರ್ತಿ ಹೆಸರು ಬರೆದೆ, ಬಿಡಿಸಿ ಬಿಡಿಸಿ. ಅಕ್ಕ ಓದಿ ನೋಡಿ, ಮಡಚಿ, ಚೀಲಕ್ಕೆ ಹಾಕಿಕೊಂಡರು. ಹೊರಡುವಾಗ ತಲೆಯೆತ್ತಿ ನನ್ನ ಬೋರ್ಡು ನೋಡಿದರು. ‘ಎಂಬತ್ತೇಳರಿಂದ’ ಇನ್ನೂ ಅಲ್ಲೇ ಇತ್ತು.

“ಪೇಂಟರ್‌ಗೆ ಹೇಳಿದೀನಿ, ಅಕ್ಕಾ,” ಎಂದೆ.

“ಯಾವಾಗ ಹೇಳೀರಿ?” ಎಂದರು.